ಕೈಬಿಟ್ಟ ಹಾಡುಗಳ ಸಾಕ್ಷ್ಯ: ಬಾಬ್ ಡಿಲನ್‌ರ ಆರಂಭಿಕ ರಚನೆಗಳು

ಸ್ವೀಕೃತ ಪಾಠದಷ್ಟೇ ತ್ಯಕ್ತ ಪಾಠವೂ ಕವಿಯ ಬೆಳವಣಿಗೆಗೆ ಸಾಕ್ಷಿಯಾಗುತ್ತದೆ ಎಂಬುದು ಗ್ರಂಥಸಂಪಾದನಾಶಾಸ್ತ್ರವನ್ನು ಬಲ್ಲವರಿಗೆ ಹೊಸತಲ್ಲ. ಈ ಮಾತು ಧ್ವನಿಮುದ್ರಿತ ಹಾಡಿಗೂ ಅನ್ವಯಿಸುತ್ತದೆ. ಜಾನಪದ ಗಾಯಕನಾಗಿ ಆರಂಭಿಸಿ, 1965ರಲ್ಲಿ ರಾಕ್ ಸಂಗೀತದತ್ತ ಹೊರಳಿ, 2016ರಲ್ಲಿ ಸಾಹಿತ್ಯದ ನೊಬೆಲ್ ಪುರಸ್ಕಾರ ಪಡೆದ ಅಮೆರಿಕದ ಬಾಬ್ ಡಿಲನ್ ಅವರ ಎರಡನೆಯ ಸಂಕಲನ 'ದಿ ಫ್ರೀವೀಲಿನ್ ಬಾಬ್ ಡಿಲನ್' (1963) ಇದಕ್ಕೆ ಉತ್ತಮ ನಿದರ್ಶನ.

ಈ ಸಂಕಲನದ ಮೊದಲ ರೂಪದಲ್ಲಿದ್ದ, 1962ರಲ್ಲಿ ಮುದ್ರಿತವಾದ ನಾಲ್ಕು ಹಾಡುಗಳು ಅಂತಿಮ ರೂಪದಲ್ಲಿಲ್ಲ. ಮಾರುಕಟ್ಟೆಗೆ ಸೇರಿಹೋದ ಮೊದಲ ರೂಪದ ಕೆಲವೇ ಪ್ರತಿಗಳು ಇಂದು ಅತ್ಯಂತ ವಿರಳ. ಇದರ ಹಿನ್ನೆಲೆಯಾಗಿ ಪ್ರಚಲಿತವಿರುವ ಕಥೆ ಹೀಗಿದೆ: ಬಲಪಂಥೀಯ ಜಾನ್ ಬರ್ಚ್ ಸೊಸೈಟಿಯನ್ನು ಲೇವಡಿ ಮಾಡುವ ಹಾಡನ್ನು ಸಿಬಿಎಸ್ ವಾಹಿನಿಯ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಹಾಡಲು ಅನುಮತಿ ದೊರೆಯದೆ, 1963ರ ಮೇ 12ರಂದು ಡಿಲನ್ ಹೊರನಡೆದರು, ಸಿಬಿಎಸ್ ಒಡೆತನದ ಕೊಲಂಬಿಯಾ ಸಂಸ್ಥೆ ಆ ಹಾಡನ್ನು ಸಂಕಲನದಿಂದಲೂ ಕೈಬಿಟ್ಟಿತು.

ನಿರ್ಬಂಧ ಹೇರಿದ್ದು ಸತ್ಯವೇ. ಆದರೆ ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ಕಾರಣವೊಂದೇ ಸಾಲದೆಂಬುದು ಸ್ಪಷ್ಟವಾಗುತ್ತದೆ. ಬದಲಿಗೆ ಸೇರಿದ ನಾಲ್ಕೂ ಹಾಡುಗಳು ಏಪ್ರಿಲ್ 24ರಂದು, ಅಂದರೆ ಆ ಪ್ರಸಂಗಕ್ಕೆ 18 ದಿನ ಮೊದಲೇ, ಮುದ್ರಿತವಾಗಿದ್ದವು. ಆಕ್ಷೇಪಕ್ಕೆ ಗುರಿಯಾದದ್ದು ಒಂದೇ ಹಾಡಾದರೂ ಹೊರಗುಳಿದವು ನಾಲ್ಕು.

ಬದಲಾವಣೆಯ ಸ್ವರೂಪವೂ ಗಮನಾರ್ಹ. ಕೈಬಿಟ್ಟ 'ಲೆಟ್ ಮಿ ಡೈ ಇನ್ ಮೈ ಫುಟ್‌ಸ್ಟೆಪ್ಸ್' ಅಣುಬಾಂಬಿನ ಭಯದಿಂದ ನೆಲಮಾಳಿಗೆ ಸೇರುವುದನ್ನು ನಿರಾಕರಿಸುತ್ತದೆ. ಹೊಸದಾಗಿ ಬಂದ 'ಮಾಸ್ಟರ್ಸ್ ಆಫ್ ವಾರ್' ಶಸ್ತ್ರಾಸ್ತ್ರ ತಯಾರಕರನ್ನೇ ನೇರವಾಗಿ ಪ್ರಶ್ನಿಸುತ್ತದೆ. ಜಾನ್ ಬರ್ಚ್ ಕುರಿತ ವಿಡಂಬನೆ ಮಾತಿನ ಧಾಟಿಯ ಬ್ಲೂಸ್ ಹಾಡು. ಹೊಸ ಸಂಕಲನದಲ್ಲಿ ಅದೇ ಧಾಟಿ ಮೂರನೆಯ ಮಹಾಯುದ್ಧದ ಕನಸನ್ನು ನಿರೂಪಿಸಲು ಬಳಕೆಯಾಗಿದೆ. ಹೀಗೆ ಒಂದೇ ಶೀತಲಸಮರದ ವಸ್ತು ಒಂದೇ ವರ್ಷದಲ್ಲಿ ತೀಕ್ಷ್ಣಗೊಂಡಿರುವುದನ್ನು ಕಾಣಬಹುದು. ತ್ಯಕ್ತ ಪಾಠ ಉಳಿದಿರದಿದ್ದರೆ ಈ ಬೆಳವಣಿಗೆ ನಮಗೆ ಗೋಚರಿಸುತ್ತಿರಲಿಲ್ಲ.

1991ರಲ್ಲಿ ಹೊರಬಂದ 'ಬೂಟ್‌ಲೆಗ್ ಸೀರೀಸ್' ಈ ಹಾಡುಗಳಲ್ಲಿ ಕೆಲವನ್ನು ಅಧಿಕೃತವಾಗಿ ಬೆಳಕಿಗೆ ತಂದಿತು. ಆದರೆ ಅಲ್ಲಿರುವ ಜಾನ್ ಬರ್ಚ್ ಹಾಡು ಸಂಕಲನದಿಂದ ತೆಗೆದ ಪಾಠವಲ್ಲ; 1963ರ ಅಕ್ಟೋಬರ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ ಪಾಠ. ಹಾಡಿನ ಹಿಂದಿನ ಕಥೆಯನ್ನು ಒಪ್ಪುವ ಮುನ್ನ ಯಾವ ಪಾಠ, ಯಾವ ದಿನಾಂಕ ಎಂದು ಕೇಳಬೇಕಾದ ಅಗತ್ಯವನ್ನು ಇದು ಸಾರುತ್ತದೆ. ಮೌಖಿಕ ಪರಂಪರೆಯ ನಮ್ಮ ಅಧ್ಯಯನಗಳಿಗೂ ಈ ಎಚ್ಚರ ಅವಶ್ಯ.