ವಯಸ್ಸಾದ ಕುದುರೆಗೆ ಹಠಾತ್ತನೆ ಬರುವ ಗೊರಸಿನ ಉರಿಯೂತ



ಕಾಫಿ, ಅಡಿಕೆಯ ವಿಚಾರ ಬಿಟ್ಟು ಕಾರ್ಯದರ್ಶಿ ಕುದುರೆಯ ಮಾತೆತ್ತಿದನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಸಂಘದಲ್ಲಿ ಕುದುರೆ ಸಾಕಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಆದರೆ ಈ ರೋಗ ಹಸುವಿಗೂ ಬರುವುದುಂಟು; ಹಲಸಿನ ಮರವಿಲ್ಲದ ತೋಟವಂತೂ ನಮ್ಮಲ್ಲಿ ಅಪರೂಪ. ಅಲ್ಲದೆ ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಗೌರಿಗೆ ಆಗ 21 ವರ್ಷ. 2024ರ ಜೂನ್ ತಿಂಗಳ ಒಂದು ಬೆಳಿಗ್ಗೆ ಲಾಯದ ಹುಡುಗ ಓಡಿಬಂದು, "ಅಯ್ಯಾ, ಗೌರಿ ಕಾಲೇ ಎತ್ತೋದಿಲ್ಲ" ಎಂದ. ಹೋಗಿ ನೋಡಿದರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಹಿಂಗಾಲುಗಳನ್ನು ಹೊಟ್ಟೆಯ ಕೆಳಕ್ಕೆ ತಂದು, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದಳು. ಮೈಯೆಲ್ಲ ಬೆವರು, ಏದುಸಿರು. ನಾನು ಹೊಟ್ಟೆಶೂಲೆ ಎಂದು ತಿಳಿದೆ. ಶೂಲೆ ಬಂದರೆ ನಡೆಸಬೇಕೆಂಬ ಹಳೆಯ ವಾಡಿಕೆಯಂತೆ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಅರ್ಧ ಗಂಟೆ ನಡೆಸಿಯೂ ಬಿಟ್ಟೆ. ಹೆಜ್ಜೆ ಹೆಜ್ಜೆಗೂ ನರಳಿದಳು. ಪಶುವೈದ್ಯರು ಬಂದವರು ಗೊರಸನ್ನು ಮುಟ್ಟಿ ನೋಡಿ ಮೊದಲು ಕೇಳಿದ್ದು, "ನಡೆಸಿದಿರಾ?" ಎಂದು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ನಡೆಸಬಾರದೇಕೆ ಎಂಬುದನ್ನು ತಿಳಿಯಲು ಗೊರಸಿನ ಒಳರಚನೆ ಗೊತ್ತಿರಬೇಕು. ಮಳೆಗಾಲದ ಅಣಬೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ತೆಳುವಾದ ಪದರಗಳು ಕಾಣುವುವಲ್ಲವೆ? ಗೊರಸಿನ ಗೋಡೆಯ ಒಳಮೈಯಲ್ಲಿ ಹಾಗೆಯೇ ಸುಮಾರು 550ರಿಂದ 600 ಪದರಗಳಿವೆ. ಒಳಗಿನ ಮೂಳೆಯ ಕಡೆಯಿಂದಲೂ ಅಂಥವೇ ಪದರಗಳು ಬಂದು ಇವುಗಳೊಡನೆ ಹೆಣೆದುಕೊಂಡಿರುತ್ತವೆ. ಕುದುರೆಯ ಭಾರವೆಲ್ಲ ಮುಖ್ಯವಾಗಿ ಈ ಹೆಣಿಗೆಯಿಂದಲೇ ತೂಗುತ್ತಿರುವುದು. ಹೆಣಿಗೆ ಊದಿ ಸಡಿಲವಾದಾಗ ಕಾಲಿನ ಹಿಂಬದಿಯ ಬಲವಾದ ಸ್ನಾಯುರಜ್ಜು ಮೂಳೆಯನ್ನು ಹಿಂದಕ್ಕೆ ಜಗ್ಗುತ್ತದೆ. ಮೂಳೆ ವಾಲುವುದು, ಕೆಲವೊಮ್ಮೆ ಕೆಳಕ್ಕೆ ಕುಸಿಯುವುದು. ನಡೆಸಿದ ಒಂದೊಂದು ಹೆಜ್ಜೆಯೂ ಆ ಹೆಣಿಗೆಯನ್ನು ಹರಿಯುವುದು. ಇದನ್ನೇ ವೈದ್ಯರು ಲ್ಯಾಮಿನೈಟಿಸ್ ಎನ್ನುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಮೇಲೆ ಹೇಳಿದ ನಿಲುವಿನ ಜೊತೆಗೆ ಗೊರಸು ಬಿಸಿಯಾಗಿರುವುದು. ಗೊರಸಿನ ಮೇಲಿನ ಗಂಟಿನ ಹಿಂಬದಿಯಲ್ಲಿ, ಎರಡೂ ಪಕ್ಕಗಳಲ್ಲಿ ಬೆರಳಿಟ್ಟರೆ ನಾಡಿ ಜೋರಾಗಿ ಬಡಿಯುವುದು. ಸ್ವಸ್ಥ ಕುದುರೆಯಲ್ಲಿ ಆ ನಾಡಿ ಸಿಕ್ಕುವುದೇ ಕಷ್ಟ. ಒಂದೇ ಕಾಲಿಗೆ ನೋವಿದ್ದರೆ ಗೊರಸಿನೊಳಗೆ ಕೀವಾಗಿರುವ ಸಂಭವ ಹೆಚ್ಚು. ಕುದುರೆ ಚೆನ್ನಾಗಿರುವಾಗಲೇ ಆ ನಾಡಿಯನ್ನು ಹುಡುಕಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ನಾನು ಮಾಡಿಕೊಂಡಿರಲಿಲ್ಲ.

ವೈದ್ಯರು ಬರುವವರೆಗೆ ಕುದುರೆಯನ್ನು ಇದ್ದಲ್ಲೇ ಬಿಡತಕ್ಕದ್ದು. ನೆಲ ಗಟ್ಟಿಯಿದ್ದರೆ ಹೊಳೆಮರಳನ್ನೋ ಮರದ ಹೊಟ್ಟನ್ನೋ ಒಂದಡಿ ದಪ್ಪಕ್ಕೆ ಹರಡಬೇಕು. ಮಲಗಿದರೆ ಎಬ್ಬಿಸಕೂಡದು. ಎರಡಂಗುಲ ದಪ್ಪದ ಥರ್ಮೋಕೋಲನ್ನು ಗೊರಸಿನ ಅಳತೆಗೆ ಕತ್ತರಿಸಿ ಅಡಿಗೆ ಕಟ್ಟಿದರೆ ಅಂಗಾಲಿಗೆ ಒಳ್ಳೆಯ ಆಸರೆ. ಕಾಲುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಬೇಕು. ಬರಿಯ ತಣ್ಣೀರು ಸಾಲದು. ನಾವು ಪೇಟೆಯ ಮೀನಿನ ಅಂಗಡಿಯಿಂದ ಮಂಜುಗಡ್ಡೆ ತರಿಸಿ, ಗಟ್ಟಿ ಪ್ಲಾಸ್ಟಿಕ್ ಚೀಲಗಳಲ್ಲಿ ನೀರಿನೊಡನೆ ತುಂಬಿ ಮೊಣಕಾಲಿನ ಕೆಳಗಿನವರೆಗೆ ಕಟ್ಟಿದೆವು. ಹಗಲು ರಾತ್ರಿ ಎನ್ನದೆ ಎರಡು ಮೂರು ದಿವಸ ಬಿಡದೆ ನಡೆಯಬೇಕಾದ ಕೆಲಸವಿದು. ಮನೆಯವರೆಲ್ಲ ಸರದಿಯಲ್ಲಿ ಎದ್ದೆವು. ಕುಂಟು ಕಾಣಿಸುವ ಮೊದಲೇ ಆರಂಭಿಸಿದರೆ ಫಲ ಹೆಚ್ಚು. ಕುಂಟಿದ ಮೇಲೂ ನೋವು ತಗ್ಗುವುದು.

ಹುರುಳಿ, ತವುಡು, ಬೆಲ್ಲ, ಹಸಿ ಹುಲ್ಲು ಎಲ್ಲವನ್ನೂ ನಿಲ್ಲಿಸಬೇಕು. ಸುಸ್ತಾಗಿದೆಯೆಂದು ಬೆಲ್ಲದ ನೀರು ಕುಡಿಸುವ ಪದ್ಧತಿ ಇಲ್ಲಿ ವಿಷಕ್ಕೆ ಸಮಾನ. ಹಾಗೆಂದು ಉಪವಾಸ ಕೆಡವಬಾರದು. ಒಣಹುಲ್ಲನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ಕೊಟ್ಟರೆ ಸಕ್ಕರೆಯ ಅಂಶ ಕಡಮೆಯಾಗುವುದು. ನೋವಿನ ಔಷಧಿಯನ್ನು ವೈದ್ಯರೇ ಕೊಡಲಿ; ಹೆಚ್ಚಾದರೆ ಹೊಟ್ಟೆಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಮನೆಯಲ್ಲಿ ನಮಗೆಂದು ತಂದಿಟ್ಟ ಡೈಕ್ಲೋಫೆನಾಕ್ ಬಳಸಲೇಬೇಡಿ. ಔಷಧಿ ಕೊಟ್ಟ ಜಾನುವಾರುಗಳ ಹೆಣ ತಿಂದು ರಣಹದ್ದುಗಳು ಸತ್ತವೆಂದು 2006ರಲ್ಲಿಯೇ ಅದನ್ನು ಪಶುಗಳಿಗೆ ನಿಷೇಧಿಸಲಾಗಿದೆ. ಸ್ಟೀರಾಯ್ಡ್ ಚುಚ್ಚುಮದ್ದು ವಯಸ್ಸಾದ ಕುದುರೆಯಲ್ಲಿ ಈ ರೋಗವನ್ನೇ ತರಬಹುದು.

ಇನ್ನು ಕಾರಣ. ಒಂದು ವಾರದಿಂದ ಗೌರಿ ಮರದಡಿ ಬಿದ್ದ ಹಲಸಿನ ಹಣ್ಣು ತಿನ್ನುತ್ತಿದ್ದಳೆಂದು ಹುಡುಗ ಆಮೇಲೆ ಹೇಳಿದ. ವೈದ್ಯರು ಮಾತ್ರ ಅವಳ ಮೈಕೂದಲನ್ನು ಹಿಡಿದು ತೋರಿಸಿದರು. ಬೇಸಿಗೆ ಕಳೆದರೂ ಹಳೆಯ ಕೂದಲು ಉದುರದೆ ಉದ್ದವಾಗಿ ಬೆಳೆದಿತ್ತು. ಬೆನ್ನಿನ ಮಾಂಸ ಕರಗಿತ್ತು. ನೀರು ಹೆಚ್ಚು ಕುಡಿಯುತ್ತಿದ್ದಳು. ವಯಸ್ಸಾಯಿತು ಎಂದು ನಾನು ಸುಮ್ಮನಿದ್ದೆ. 15 ವರ್ಷ ದಾಟಿದ ಕುದುರೆಗಳಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೆಡುವುದು ಸಾಮಾನ್ಯ. ಅಂಥ ಹಲವು ಕುದುರೆಗಳ ರಕ್ತದಲ್ಲಿ ಇನ್ಸುಲಿನ್ ಏರುವುದು. ಬರಿಯ ಇನ್ಸುಲಿನ್ ಏರಿಕೆಯಿಂದಲೇ ಗೊರಸು ಕೆಡುವುದೆಂದು 2007ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಆರೋಗ್ಯವಂತ ಪೋನಿಗಳಲ್ಲಿ ತೋರಿಸಿಕೊಟ್ಟರು. ಹಲಸು ಕಿಡಿ ಹಚ್ಚಿತು, ಸೌದೆ ಮೊದಲೇ ಒಣಗಿತ್ತು. ರಕ್ತಪರೀಕ್ಷೆಯೂ ಹಾಗೆಯೇ ಹೇಳಿತು. ಇದಕ್ಕೆ ಪರ್ಗೊಲೈಡ್ ಎಂಬ ಗುಳಿಗೆಯನ್ನು ಜೀವಮಾನವಿಡೀ ದಿನವೂ ಕೊಡಬೇಕು.

ಎಷ್ಟು ಚೆನ್ನಾಗಿ ಸಾಕಿದರೂ ಗೆಲ್ಲಲಾಗದ ಸಂದರ್ಭವೂ ಉಂಟು. 1973ರಲ್ಲಿ ಅಮೆರಿಕದ ಮೂರು ದೊಡ್ಡ ಪಂದ್ಯಗಳನ್ನೂ ಗೆದ್ದ ಸೆಕ್ರೆಟೇರಿಯಟ್ ಎಂಬ ಕುದುರೆಗೆ 19ನೆಯ ವಯಸ್ಸಿನಲ್ಲಿ ಇದೇ ರೋಗ ಬಂದು, 1989ರ ಅಕ್ಟೋಬರ್ 4ರಂದು ದಯಾಮರಣ ಕೊಡಬೇಕಾಯಿತು. ಮೂಳೆ ಅಂಗಾಲನ್ನು ತೂತು ಮಾಡಿ ಹೊರಬಂದು, ನೋವು ಔಷಧಿಗೆ ಬಗ್ಗದೆ ಹೋದರೆ ವೈದ್ಯರ ಮಾತನ್ನು ಕೇಳುವುದೇ ಸರಿ. ಆ ಮಾತು ನಮ್ಮ ಮನೆಯಲ್ಲಿಯೂ ಒಂದು ಸಂಜೆ ಬಂದಿತ್ತು.

ಹಸು ಸಾಕಿದವರು ಗಮನಿಸಬೇಕು. ಮದುವೆಮನೆಯ ಉಳಿದ ಅನ್ನ, ಭತ್ತ, ಹಲಸಿನ ಹಣ್ಣನ್ನು ಹೊಟ್ಟೆ ತುಂಬ ತಿಂದ ಹಸುವಿನ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ಭೇದಿಯಾಗುವುದು. ಕೆಲವೊಮ್ಮೆ ಪ್ರಾಣವೇ ಹೋಗುವುದು. ಬದುಕಿ ಉಳಿದ ಹಸು ಮುಂದೆ ಕುಂಟಲಾರಂಭಿಸಿದರೆ ಕಾರಣ ಆ ದಿನದ ಊಟವೇ ಇರಬಹುದು. ಅದೇ ದಿನ ವೈದ್ಯರನ್ನು ಕರೆಸತಕ್ಕದ್ದು.

ಗೌರಿಯ ಎಕ್ಸ್‌ರೇಯಲ್ಲಿ ಮೂಳೆ ಸ್ವಲ್ಪ ವಾಲಿದ್ದು ಕಂಡಿತು. ಲಾಳದವರು ವೈದ್ಯರು ಹೇಳಿದಂತೆ ಗೊರಸಿನ ಮುಂತುದಿಯನ್ನು ಆಗಾಗ ಮೊಟಕು ಮಾಡುತ್ತ ಬಂದರು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದು ಅಪರೂಪ. ಹೊಸ ಗೊರಸು ನೆಲ ಮುಟ್ಟಲು ಹತ್ತಿರ ಹತ್ತಿರ ವರ್ಷವೇ ಹಿಡಿಯಿತು. ಈಗ ಮೆತ್ತನೆಯ ನೆಲದಲ್ಲಿ ತಾನಾಗಿಯೇ ಓಡಾಡುತ್ತಾಳೆ. ಯಾರೂ ಹತ್ತುವುದಿಲ್ಲ. ಹಲಸಿನ ಕಾಲದಲ್ಲಿ ಬೆಳಗಿನ ಕಾಫಿಗೆ ಮೊದಲು ನಾನೇ ಬುಟ್ಟಿ ಹಿಡಿದು ಮರದಡಿ ಬಿದ್ದ ಹಣ್ಣು ಆರಿಸಿ, ಆಮೇಲೆ ಅವಳ ಹಗ್ಗ ಬಿಚ್ಚಿಸುತ್ತೇನೆ.

– ಕಾರ್ಯದರ್ಶಿ