ಮೀಸೇವಾ ಕೌಂಟರಿನಲ್ಲಿ ಕೂತ ತಮ್ಮನಿಗೆ

ತಮ್ಮಾ, ಇಟಿಕ್ಯಾಲದಲ್ಲಿ ಸರ್ಕಾರಿ ಅರ್ಜಿ ತುಂಬಿಕೊಡುವ ಮೀಸೇವಾ ಕೇಂದ್ರದಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ಕೇಳಿ ಖುಷಿಯಾಯಿತು. ಕೀಬೋರ್ಡಿನ ಮೇಲೆ ಬೆರಳು ಓಡಿಸುವುದನ್ನು ನಿನಗೆ ನಾನು ಕಲಿಸಬೇಕಿಲ್ಲ. ನನ್ನ ಮಾತು, ಆ ಬೆರಳಿನ ಕೆಳಗೆ ಬರುವ ಜನರದು.

ನಮ್ಮ ಕನ್ನಡದ ಮನೆಯ ಈರಣ್ಣ ಪಟ್ಟಾ ಪಾಸ್‌ಬುಕ್ಕಿನ ತೆಲುಗಿನಲ್ಲಿ ವೀರನ್ನ ಆಗಿರುತ್ತಾನೆ. ಆಧಾರ್ ಕಾರ್ಡಿನ ಇಂಗ್ಲಿಷಿನಲ್ಲಿ ಅವನದು ಮತ್ತೊಂದು ಅವತಾರ. ಹಿಂದಿನ ಪಟವಾರಿ ದುಡ್ಡು ತಿನ್ನುತ್ತಿದ್ದನೋ ಏನೋ, ಆದರೆ ಮೂರೂ ಒಬ್ಬನೇ ಎಂದು ಅವನಿಗೆ ಗೊತ್ತಿತ್ತು. ಕಂಪ್ಯೂಟರಿಗೆ ಅವು ಮೂರು ಆಳು. ಇನ್ನೊಮ್ಮೆ ಎಲ್ಲಿಯವನನ್ನೋ ತಂದು ನಮ್ಮವನಿಗೆ ಗಂಟು ಹಾಕುತ್ತದೆ.

ಇದು ಬರೀ ಊಹೆಯಲ್ಲ. ನಮ್ಮ ತೆಲಂಗಾಣದ ‘ಸಮಗ್ರ ವೇದಿಕ’ ನಾನಾ ಇಲಾಖೆಗಳ ಮಾಹಿತಿ ತಂದು, ಹೆಸರು ವಿಳಾಸ ತಾಳೆ ನೋಡಿ, ಯಾರು ಅರ್ಹರು ಯಾರು ಅಲ್ಲ ಎಂದು ತೋರಿಸುವ ವ್ಯವಸ್ಥೆ. ಹೈದರಾಬಾದಿನಲ್ಲಿ ರಿಕ್ಷಾ ತುಳಿಯುತ್ತಿದ್ದವನೊಬ್ಬನಿಗೆ ಕಾರಿದೆ ಎಂದು ಅದು ಹೇಳಿತು, ಆ ಮನೆಗೆ ರೇಷನ್ ಅಕ್ಕಿ ತಪ್ಪಿತು. ಕಾರು ಅದೇ ತರದ ಹೆಸರಿನ ಬೇರೊಬ್ಬನದು! ರಾಜ್ಯದಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ರೇಷನ್ ಕಾರ್ಡುಗಳನ್ನು ಸ್ಥಳಕ್ಕೇ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಅದಕ್ಕೇ ಅರ್ಜಿ ಕಳಿಸುವ ಮುಂಚೆ ಒಮ್ಮೆ ಹೆಸರು ಓದಿ ಹೇಳು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಹಿಂದೆ ನಿಂತವರು ಗೊಣಗಲಿ ಬಿಡು.

ಆದರೆ ಹೆಸರು ಮಾತ್ರ ಗಟ್ಟಿಯಾಗಿ, ಯಾವ ಪಿಂಚಣಿ ಎಂಬುದು ಮೆಲ್ಲಗೆ. ಆಸರಾ ಪಿಂಚಣಿ ಮುದುಕರಿಗಷ್ಟೇ ಅಲ್ಲ, ಒಂಟಿ ಹೆಂಗಸರಿಗೂ ಇದೆ, ಎಚ್‌ಐವಿ ಇದ್ದವರಿಗೂ ಇದೆ. ಸಾಲಿನಲ್ಲಿ ಅಂಥ ಒಬ್ಬಳ ಹಿಂದೆಯೇ ಅವಳ ನಾದಿನಿ ನಿಂತಿರುತ್ತಾಳೆ. ಅವಳ ಕಾಯಿಲೆ ಹೈದರಾಬಾದಿನ ಸರ್ವರ್‌ಗೆ ಗೊತ್ತಾದರೆ ಅವಳಿಗೆ ಅದರ ಬಿಸಿ ತಟ್ಟುವುದಿಲ್ಲ. ಓಣಿಗೆ ಗೊತ್ತಾದರೆ ನೀರಿನ ನಲ್ಲಿಯ ಹತ್ತಿರ ಯಾರೂ ಮಾತಾಡಿಸುವುದಿಲ್ಲ. ಉದ್ದರಿ ಪುಸ್ತಕ ಇಟ್ಟ ಕಿರಾಣಿ ಶೆಟ್ಟಿಗೆ ಊರಿನ ಬಡತನವೆಲ್ಲ ಗೊತ್ತಿರುತ್ತದೆ, ಒಳ್ಳೆಯ ಶೆಟ್ಟಿಯ ಬಾಯಿಂದ ಒಂದು ಹೆಸರೂ ಹೊರಬೀಳುವುದಿಲ್ಲ. ನಿನ್ನ ಕುರ್ಚಿಯೂ ಅಂಥದ್ದೇ.

ಜೆರಾಕ್ಸ್ ಕಾಗದ ರದ್ದಿಗೆ ಹಾಕಬೇಡ. ಮಿರ್ಚಿ ಭಜ್ಜಿ ಕಟ್ಟಿಕೊಟ್ಟ ಕಾಗದ ಬಿಚ್ಚಿದರೆ ಎಣ್ಣೆ ಕಲೆಯ ನಡುವೆ ಯಾರದೋ ಆಧಾರ್ ನಂಬರು, ಫೋಟೋ, ಅಪ್ಪನ ಹೆಸರು, ನಾನೇ ಕಂಡಿದ್ದೇನೆ. ಸಾಲದು ಎಂಬಂತೆ ವಾಟ್ಸಾಪಿನಲ್ಲಿ ತರಿಸಿಕೊಂಡ ಫೋಟೋಗಳು ನಿನ್ನ ಫೋನಿನಲ್ಲೇ ಉಳಿಯುತ್ತವೆ. ಸಂಜೆ ಮನೆಗೆ ಹೊರಡುವ ಮುಂಚೆ ಅಳಿಸು.

ಬೆರಳಚ್ಚಿನ ವಿಷಯ ಇನ್ನೂ ನಾಜೂಕು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಯಾರು ಬದಲಿಸುತ್ತಾರೆ? 2018ರಲ್ಲಿ ಪೆದ್ದಪಲ್ಲಿ ಜಿಲ್ಲೆಯ ಸಿಮ್ ಮಾರುವವನೊಬ್ಬ ಜಮೀನು ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚು ತೆಗೆದು ರಬ್ಬರಿನ ಅಚ್ಚು ಮಾಡಿ ಸಾವಿರಾರು ಸಿಮ್ ಚಾಲೂ ಮಾಡಿದ್ದ. ಗದ್ವಾಲದ ಹತ್ತಿ ಬೀಜದ ಹೊಲಗಳಲ್ಲಿ ದುಡಿದು ಬೆರಳಿನ ಗೆರೆ ಸವೆದ ಹೆಂಗಸರು ಬಂದಾಗ ಮಷೀನು ಮತ್ತೆ ಮತ್ತೆ ಬೆರಳಚ್ಚು ಕೇಳುತ್ತದೆ. ಯಾವುದಕ್ಕೆ ಒತ್ತಿಸುತ್ತಿದ್ದೀ ಎಂದು ಪ್ರತಿ ಸಲವೂ ಹೇಳು. ಅಚ್ಚು ಮೂಡಲಿಲ್ಲವೆಂದು ಗದರಬೇಡ.

ಇದೆಲ್ಲ ನಿನ್ನ ದಯೆ ಅಂದುಕೊಳ್ಳಬೇಡ, ಅದು ಅವರ ಹಕ್ಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ಮಾಹಿತಿ ರಕ್ಷಣೆಗೆ ಕಾನೂನೂ ಆಯಿತು; ಸರ್ಕಾರ ತನಗೆ ಬೇಕಾದಷ್ಟು ಕಿಂಡಿ ಅದರಲ್ಲಿ ಇಟ್ಟುಕೊಂಡಿದೆ, ಆ ಮಾತು ಬೇರೆ.

ಚುನಾವಣೆ ಹತ್ತಿರ ಬಂದಾಗ ಯಾರೋ ಚಹಾ ಕುಡಿಸಿ, ಪಿಂಚಣಿಯವರ ಫೋನ್ ನಂಬರಿನ ಪಟ್ಟಿ ಒಂದು ಪೆನ್‌ಡ್ರೈವಿಗೆ ಹಾಕಿಕೊಡು ಅನ್ನುತ್ತಾರೆ. ನಮ್ಮವರೇ ಇರುತ್ತಾರೆ, ನನ್ನ ಹೆಸರು ಹೇಳಿಕೊಂಡೇ ಬರಬಹುದು. ಆಗಲೂ ಕೊಡಬೇಡ.