ಕೆಲಸ ಬಿಡು, ಪಿಂಚಣಿ ಬಿಡಬೇಡ

ನಲವತ್ತೈದಕ್ಕೇ ಪೀಣ್ಯದ ಫ್ಯಾಕ್ಟರಿಗೆ ಕೈಮುಗಿದು, ಅರಸೀಕೆರೆಗೆ ಬಂದು ತೋಟ ಮಾಡ್ತೀಯಂತೆ. ಮಾಡು ಮರಿ, ಬೇಡ ಅನ್ನೋಕೆ ನಾನ್ಯಾರು? ನುಸಿ ಬಿದ್ದ ವರ್ಷ ತೆಂಗು ಏನು ಕೊಡುತ್ತೆ ಅಂತ ನಿಮ್ಮಪ್ಪನನ್ನು ಒಂದು ಮಾತು ಕೇಳಿಕೋ, ಅಷ್ಟೆ.

ಬರೋ ಆತುರದಲ್ಲಿ ಪಿಎಫ್ ಜೊತೆ ಪಿಂಚಣಿಯನ್ನೂ ಬಳಕೊಂಡು ಬರಬೇಡ. ನಿಮಗೆಲ್ಲ ಎರಡೂ ಒಂದೇ ಗಂಟು. ಅಲ್ಲವೋ! ನಿನ್ನ ಸಂಬಳದಲ್ಲಿ ಹಿಡಿಯೋದು ಪೂರ್ತಿ ಪಿಎಫ್‌ಗೆ. ಕಂಪನಿ ಹಾಕೋ ಶೇ. 12ರಲ್ಲಿ 8.33 ಪಿಂಚಣಿಗೆ. ಅದೂ 15,000 ರೂಪಾಯಿ ಸಂಬಳದ ಲೆಕ್ಕಕ್ಕೆ, ಅಂದರೆ ತಿಂಗಳಿಗೆ ಹೆಚ್ಚೆಂದರೆ 1,250.

ಹತ್ತು ವರ್ಷ ಸೇವೆ ಆಗದೆ ತಿಂಗಳ ಪಿಂಚಣಿ ಇಲ್ಲ. ಒಂಬತ್ತನೇ ವರ್ಷ ಸೂಪರ್‌ವೈಸರ್ ಜೊತೆ ಜಗಳವಾಡಿ, ಫಾರಂ 10ಸಿ ತುಂಬಿ, ಬಂದ ದುಡ್ಡಲ್ಲಿ ಟಿವಿ ಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಟಿವಿ ಯಾವತ್ತೋ ಗುಜರಿ ಸೇರಿತು. ಒಂಬತ್ತೂವರೆ ತುಂಬಿದ್ದರೂ ಹತ್ತು ಅಂತಲೇ ಎಣಿಸ್ತಿದ್ದರು! ಬಿಡಲೇಬೇಕಾದರೆ ಅದೇ ಫಾರಂನಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳು. ನಾಳೆ ಹಾಸನದಲ್ಲೋ ತಿಪಟೂರಲ್ಲೋ ಇನ್ನೊಂದು ಕೆಲಸ ಸಿಕ್ಕರೆ ಹಳೇ ವರ್ಷಗಳೂ ಲೆಕ್ಕಕ್ಕೆ ಬರ್ತವೆ.

ದುಡ್ಡು ಕೈಗೆ ಬೇಕು ಅನ್ನೋ ಕಷ್ಟ ನನಗೆ ತಿಳಿಯದ್ದಲ್ಲ. 2016ರ ಏಪ್ರಿಲ್‌ನಲ್ಲಿ, ಕಂಪನಿ ಪಾಲಿನ ಪಿಎಫ್ 58 ಆಗೋವರೆಗೂ ಸಿಗಲ್ಲ ಅಂತ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೇ ಇಳಿದರು. ದೆಹಲಿ ಮಣಿಯಿತು, ನಿಯಮ ವಾಪಸಾಯಿತು. ಭೇಷ್ ಅಂದವರಲ್ಲಿ ನಾನೂ ಒಬ್ಬ. ಕಷ್ಟಕ್ಕೆ ಪಿಎಫ್ ತೆಗೆ. ಪಿಂಚಣಿ ಮುಟ್ಟಬೇಡ.

ಈಗ ನಿನ್ನ ಲೆಕ್ಕ. ಕೊನೆಯ ಐದು ವರ್ಷದ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸು. 15,000, ಹದಿನಾಲ್ಕು ವರ್ಷ: ತಿಂಗಳಿಗೆ 3,000. ಕಡಿಮೆ ಅಂತ ಮೂಗು ಮುರೀಬೇಡ, ಈ ವಯಸ್ಸಲ್ಲಿ ಬಿಪಿ ಮಾತ್ರೆಗೆ ಯಾರ ಮುಂದೆಯೂ ಕೈಯೊಡ್ಡದಿರೋದು ಸಣ್ಣ ವಿಷಯವಲ್ಲ. ನೀನು ನಲವತ್ತೈದಕ್ಕೇ ನಿಲ್ಲಿಸಿದರೂ ಆ ಹಣ ಎಲ್ಲಿಗೂ ಹೋಗಲ್ಲ. ಸುಮ್ಮನೆ 58ರವರೆಗೆ ಕಾದರೆ ಪೂರ್ತಿ ಬರುತ್ತೆ.

ಆದರೆ ನೀನು ಕಾಯೋ ಪೈಕಿಯಾ? ಐವತ್ತು ತುಂಬಿದರೆ ಬೇಗ ಪಿಂಚಣಿ ಕೇಳಬಹುದು ಅಂತ ಯಾರೋ ಕಿವಿಯೂದುತ್ತಾರೆ. ಕೇಳಬಹುದು, ನಿಜ. ಮುಂಚಿನ ಒಂದೊಂದು ವರ್ಷಕ್ಕೂ ಶೇ. 4 ಕಡಿತ. ಐವತ್ತೈದಕ್ಕೆ ಕೇಳಿದರೆ ಆ ಮೂರು ಸಾವಿರದಲ್ಲಿ ಸುಮಾರು 350 ರೂಪಾಯಿ ಖೋತಾ. 58 ತುಂಬಿದ ಮೇಲೂ ಅದು ವಾಪಸ್ ಬರಲ್ಲ, ಬದುಕಿರೋವರೆಗೂ ಖೋತಾನೇ. ಕೊಬ್ಬರಿಗೆಂದು ಅಟ್ಟ ಹತ್ತಿಸಿದ ಕಾಯಿಯನ್ನು ಮೊದಲೇ ಇಳಿಸಿ ಒಡೆದರೆ ಏನಾಗುತ್ತೆ ಅಂತ ಅರಸೀಕೆರೆಯವರಿಗೆ ನಾನು ಹೇಳಬೇಕಾ?

ಮುಂದಿನ ಸಲ ರೈಲು ಹತ್ತೋವಾಗ ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡು ಬಾ. ಆಧಾರ್‌ನಲ್ಲಿರೋ ಹುಟ್ಟಿದ ತಾರೀಖೇ ಕಂಪನಿ ದಾಖಲೆಯಲ್ಲೂ ಇದೆಯಾ ನೋಡು. ಶಾಲೆಗೆ ಸೇರಿಸೋವಾಗ ಮೇಷ್ಟ್ರು ನಿನಗೆ ಜೂನ್ 1 ಅಂತ ಬರೆದುಕೊಂಡಾಗ ಪಕ್ಕದಲ್ಲಿ ನಿಂತಿದ್ದವನು ನಾನೇ.